ಮುಧೋಳ ನಾಯಿ ಮನೆಮಂದಿಗೆ ಹೊಂದುತ್ತದೆಯೇ? ಚಿಗರಿಯ ಜೊತೆ ನಮ್ಮ ನಾಲ್ಕು ವರ್ಷ

ಸಂಜೆ ಚಿಗರಿಯನ್ನು ತಿರುಗಾಡಿಸಲು ಕರೆದುಕೊಂಡು ಹೊರಟರೆ ವಾರಕ್ಕೆ ಒಬ್ಬರಾದರೂ ನಿಲ್ಲಿಸಿ ಕೇಳುತ್ತಾರೆ. "ಯಾಕ್ರೀ ಅಕ್ಕೋರ, ನಾಯಿಗೆ ಹೊಟ್ಟಿತುಂಬ ಹಾಕಂಗಿಲ್ಲೇನು? ಎಲುಬು ಎಣಸಬಹುದಲ್ರಿ!" ಮೊದಮೊದಲು ನನಗೆ ತುಂಬಾ ಬೇಜಾರಾಗುತ್ತಿತ್ತು. ಈಗ ಅಲ್ಲೇ ನಿಂತು ವಿವರಿಸುತ್ತೇನೆ. ಇದು ಮುಧೋಳದ ನಾಯಿ, ಇದರ ಮೈಕಟ್ಟೇ ಹೀಗೆ. ಎದೆ ಆಳ, ಸೊಂಟ ಸಣ್ಣ, ಕಾಲು ಉದ್ದ. ಹಿಂದಿನ ಎರಡು ಮೂರು ಪಕ್ಕೆಲುಬು ಕಂಡರೆ ಚೆನ್ನಾಗಿದೆ ಅಂತಲೇ ಲೆಕ್ಕ. ಕಾಣದಷ್ಟು ದಪ್ಪ ಆದರೆ ಆಗ ಚಿಂತೆ ಮಾಡಬೇಕು.

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೂ ಇದೇ ಮಾತು. "ಮನೇಲಿ ಸಣ್ಣ ಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ, ಯಾವ ನಾಯಿ ತರೋದು?" ಎಂದು ಕೇಳುವವರು ಜಾಸ್ತಿ. ನಾನು ನಾಯಿ ತಜ್ಞೆ ಅಲ್ಲ, ಗಣಿತ ಕಲಿಸುವವಳು. ಆದರೆ ಒಂದು ಲ್ಯಾಬ್ರಡಾರನ್ನು 11 ವರ್ಷ ಸಾಕಿದ್ದೇನೆ, ಈಗ ನಾಲ್ಕು ವರ್ಷದಿಂದ ಮುಧೋಳವನ್ನು ಸಾಕುತ್ತಿದ್ದೇನೆ. ನೋಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಮೊದಲು ಲ್ಯಾಬ್ರಡಾರ್ ಬಗ್ಗೆ. ನಮ್ಮ ಬ್ರೂನೋನಷ್ಟು ಒಳ್ಳೆಯ ಜೀವ ಇನ್ನೊಂದಿಲ್ಲ. ಮಗಳು ನಡೆಯಲು ಕಲಿತಿದ್ದೇ ಅವನ ಬೆನ್ನು ಹಿಡಿದು. ಗ್ಯಾಸ್ ಸಿಲಿಂಡರ್ ತರುವವರಿಂದ ಹಿಡಿದು ದೇವರ ಪಟ್ಟಿ ಕೇಳಲು ಬರುವವರ ತನಕ ಎಲ್ಲರಿಗೂ ಬಾಲ ಅಲ್ಲಾಡಿಸುತ್ತಿದ್ದ. ಆದರೆ ಲ್ಯಾಬ್ರಡಾರಿಗೆ ಹಸಿವು ಅನ್ನೋದು ಮುಗಿಯುವುದೇ ಇಲ್ಲ. ಮನೆಯಲ್ಲಿ ಆರು ಜನ, ಆರೂ ಜನ ಒಂದೊಂದು ತುತ್ತು ಹಾಕುತ್ತಿದ್ದೆವು. ಕೊನೆಗೆ 42 ಕೆಜಿ ಆದ. ಸೊಂಟದ ಕೀಲು ಹಿಡಿದುಕೊಂಡಿತು. ಕೊನೆಯ ವರ್ಷ ಎರಡು ಮೆಟ್ಟಿಲು ಹತ್ತಲೂ ಎತ್ತಿ ಹಿಡಿಯಬೇಕಿತ್ತು. ಈ ತಳಿಗೆ ಕೀಲಿನ ತೊಂದರೆ ಮೊದಲೇ ಜಾಸ್ತಿ, ನಾವು ಪ್ರೀತಿಯಿಂದ ಅದನ್ನು ಇನ್ನೂ ಹೆಚ್ಚು ಮಾಡಿದೆವು. ಅವನು ಹೋದ ಮೇಲೆ ಎರಡು ವರ್ಷ ನಾಯಿಯ ಮಾತೇ ಬೇಡ ಎಂದಿದ್ದೆ.

ಮುಧೋಳ ತರಲು ಕಾರಣ ಒಂದು ಅಂಚೆ ಚೀಟಿ. ನಮ್ಮ ಮಾವನವರ ಹಳೆಯ ಆಲ್ಬಮ್ ಮಗಳ ಕೈಗೆ ಸಿಕ್ಕಿತ್ತು. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ನಾಯಿಗಳ ಚೀಟಿ ತಂದಿತ್ತು: ಹಿಮಾಲಯದ ಕುರಿ ನಾಯಿ, ರಾಮಪುರ ಹೌಂಡ್, ರಾಜಪಾಳಯಂ, ಮತ್ತೆ ನಮ್ಮ ಮುಧೋಳ. "ಮಮ್ಮಿ, ಮುಧೋಳ ನಮ್ಮ ಧಾರವಾಡದಿಂದ ಎಷ್ಟು ದೂರ?" ಎಂದು ಕೇಳಿದಳು. ಸವದತ್ತಿ, ಯರಗಟ್ಟಿ, ಲೋಕಾಪುರ ದಾಟಿದರೆ ಮುಧೋಳ. ಇಷ್ಟು ಹತ್ತಿರ ಇಟ್ಟುಕೊಂಡು ಯಾವುದೋ ಚಳಿ ದೇಶದ ನಾಯಿಯನ್ನು ತಂದು ಏಪ್ರಿಲ್ ಬಿಸಿಲಿನಲ್ಲಿ ಬೇಯಿಸುವುದು ಯಾಕೆ ಅನಿಸಿತು.

ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಬೆಳೆಸಿದವರು. ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಮರಿ ಕೊಟ್ಟಿದ್ದರು ಎಂದು ಆ ಕಡೆ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಸೈನ್ಯದವರೂ ಮರಿ ಒಯ್ದು ಮೀರತ್‌ನಲ್ಲಿ ತರಬೇತಿ ಕೊಟ್ಟಿದ್ದಾರೆ. ಒಂದು ವಿಷಯ ಗೊತ್ತಿರಲಿ. ನಾಯಿ ತಳಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದದಲ್ಲಿ ಇದರ ಹೆಸರು ಕ್ಯಾರವಾನ್ ಹೌಂಡ್ ಎಂದಿರುತ್ತದೆ. ಬೇರೆ ತಳಿ ಅಂತ ಗಾಬರಿಯಾಗಬೇಡಿ.

ನಾವು ಮರಿ ತಂದಿದ್ದು ಲೋಕಾಪುರದ ಹತ್ತಿರ ಒಬ್ಬ ರೈತರ ಮನೆಯಿಂದ. 12 ಸಾವಿರ ಕೊಟ್ಟೆವು. ಆ ಯಜಮಾನರು ನನಗೆ ತುಂಬಾ ಹಿಡಿಸಿದರು. ಮರಿ ತೋರಿಸುವ ಮೊದಲು ತಾಯಿಯನ್ನೂ ತಂದೆಯನ್ನೂ ತೋರಿಸಿದರು. "ತಾಯಿ ಮಂದೀಗೆ ಅಂಜತದೋ ಇಲ್ಲೋ ನೋಡ್ರಿ ಮೊದಲ. ತಾಯಿ ಹ್ಯಾಂಗೋ ಮರಿ ಹಾಂಗ" ಎಂದರು. ಎಂಟು ವಾರ ತುಂಬುವ ತನಕ ಮರಿ ಕೊಡಲಿಲ್ಲ. ಯಾರಾದರೂ ಒಂದು ತಿಂಗಳ ಮರಿಯನ್ನು ಕೈಗೆ ಕೊಟ್ಟರೆ ತರಬೇಡಿ. ಅಷ್ಟು ಬೇಗ ತಾಯಿಯನ್ನು ಬಿಟ್ಟ ಮರಿ ಸುಮ್ಮಸುಮ್ಮನೆ ಕಚ್ಚುತ್ತದೆ, ಹೆದರುತ್ತದೆ. ತಂದ ವಾರವೇ ಪಾರ್ವೋ, ಡಿಸ್ಟೆಂಪರ್ ಲಸಿಕೆ ಶುರು ಮಾಡಿದೆವು. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷ ವರ್ಷ.

ಚಿಗರಿ ಎಂದು ಹೆಸರಿಟ್ಟವಳು ಮಗಳು. ಧಾರವಾಡ-ಹುಬ್ಬಳ್ಳಿ ನಡುವೆ ಓಡುವ ಚಿಗರಿ ಬಸ್ಸಿನ ಹೆಸರಾ ಎಂದು ಎಲ್ಲರೂ ಕೇಳುತ್ತಾರೆ. ಅಲ್ಲ, ನಿಜವಾದ ಚಿಗರಿಯ, ಅಂದರೆ ಜಿಂಕೆಯ ಹೆಸರೇ. ಅವಳು ಓಡುವುದನ್ನು ನೋಡಿದರೆ ಒಪ್ಪುತ್ತೀರಿ.

ನವಲಗುಂದದ ಹತ್ತಿರ ನಮ್ಮವರ ಹೊಲ ಇದೆ. ಎರಿ ಭೂಮಿ. ಹಿಂಗಾರಿ ಜೋಳ ಕೊಯ್ದ ಮೇಲೆ ಎರಡು ತಿಂಗಳು ಬಯಲೋ ಬಯಲು. ಆಗ ತಿಂಗಳಿಗೆ ಎರಡು ಸಾರಿ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಕಾರಿನ ಬಾಗಿಲು ತೆಗೆದು ಹಗ್ಗ ಬಿಚ್ಚಿದರೆ ಒಂದು ಕ್ಷಣ ಸುಮ್ಮನೆ ನಿಂತು ದೂರ ನೋಡುತ್ತಾಳೆ. ಆಮೇಲೆ ಹೊರಟಳು ಅಂದರೆ ನೆಲ ಮುಟ್ಟುವುದೇ ಕಾಣುವುದಿಲ್ಲ. ಮಗಳು ಫೋನಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದಿದ್ದಾಳೆ. ಒಂದೊಂದು ನೆಗೆತದಲ್ಲೂ ನಾಲ್ಕು ಕಾಲೂ ಎರಡು ಸಾರಿ ಗಾಳಿಯಲ್ಲಿರುತ್ತವೆ. ಒಮ್ಮೆ ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಮಡಚಿಕೊಂಡಾಗ, ಇನ್ನೊಮ್ಮೆ ಪೂರ್ತಿ ಚಾಚಿಕೊಂಡಾಗ. ಬೆನ್ನು ಬಿಲ್ಲಿನ ಹಾಗೆ ಬಾಗಿ ಬಿಚ್ಚಿಕೊಳ್ಳುತ್ತದೆ. ಮೂರು ನಾಲ್ಕು ಸುತ್ತು, ಹತ್ತು ನಿಮಿಷ, ಅಷ್ಟೇ. ಬಂದು ನೀರು ಕುಡಿದು ಬದುವಿನ ಬೇವಿನ ಮರದ ಕೆಳಗೆ ಮಲಗುತ್ತಾಳೆ. ಅದನ್ನು ನೋಡಿದ ದಿನ ನನಗೂ ಎರಡು ದಿನ ಮನಸ್ಸು ಹಗುರವಾಗಿರುತ್ತದೆ.

ಉಳಿದ ದಿನ ಬೆಳಿಗ್ಗೆ 40 ನಿಮಿಷ, ಸಂಜೆ 30 ನಿಮಿಷ ಹಗ್ಗ ಹಿಡಿದು ನಡೆಸುತ್ತೇವೆ. ಬಹಳ ಜನ ಬೇಟೆ ನಾಯಿ ಅಂದರೆ ಮನೆಯೊಳಗೂ ಕುಣಿಯುತ್ತಿರುತ್ತದೆ ಅಂದುಕೊಳ್ಳುತ್ತಾರೆ. ಇಲ್ಲವೇ ಇಲ್ಲ. ಓಟ ಸಿಕ್ಕಿದರೆ ಮನೆಯಲ್ಲಿ ಇದರಷ್ಟು ತಣ್ಣಗಿರುವ ನಾಯಿ ಬೇರೆ ಸಿಗುವುದಿಲ್ಲ. ಬೊಗಳುವುದು ಕಡಿಮೆ. ಗೇಟಿನ ಹತ್ತಿರ ಗುರುತಿಲ್ಲದವರು ನಿಂತರೆ ಮಾತ್ರ ಎರಡು ಸಾರಿ ಬೊಗಳಿ ನಮ್ಮ ಕಡೆ ನೋಡುತ್ತಾಳೆ. ಕೂದಲು ಗಿಡ್ಡ, ಉದುರುವುದೂ ಸ್ವಲ್ಪವೇ. ಬ್ರೂನೋ ಇದ್ದಾಗ ದಿನಾ ಎರಡು ಸಾರಿ ಕಸ ಗುಡಿಸುತ್ತಿದ್ದೆ.

ಆದರೆ ಲ್ಯಾಬ್ರಡಾರಿನ ಪ್ರೀತಿಯನ್ನು ಇದರಿಂದ ಬಯಸಬೇಡಿ. ಬಂದವರೆಲ್ಲ ತಲೆ ಸವರುವುದು ಇದಕ್ಕೆ ಆಗುವುದಿಲ್ಲ. ಕಚ್ಚುವುದಿಲ್ಲ, ಎದ್ದು ಬೇರೆ ಕೋಣೆಗೆ ಹೋಗಿಬಿಡುತ್ತದೆ. ಮಕ್ಕಳ ಜೊತೆ ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಮಗಳಿಗೆ ಆಗ ಎಂಟು ವರ್ಷ, ಮಗನಿಗೆ ಎರಡು. ಮಗ ಒಮ್ಮೆ ಮಲಗಿದ್ದ ಮರಿಯ ಬಾಲ ಎಳೆದು ಗುರ್ ಅನ್ನಿಸಿಕೊಂಡ. ಅಂದೇ ಮನೆಯಲ್ಲಿ ಎರಡು ಕಾನೂನು ಮಾಡಿದೆವು. ಮಲಗಿದಾಗ ಮುಟ್ಟುವಂತಿಲ್ಲ, ಊಟದ ಬಟ್ಟಲಿನ ಹತ್ತಿರ ಹೋಗುವಂತಿಲ್ಲ. ಈಗ ಅವನು ಹೋಂವರ್ಕ್ ಮಾಡುವಾಗ ಇವಳು ಪಕ್ಕದಲ್ಲೇ ಬೆನ್ನು ತಾಗಿಸಿ ಮಲಗಿರುತ್ತಾಳೆ. ಅಪ್ಪಿಕೊಂಡರೆ ಇಷ್ಟ ಇಲ್ಲ, ಬೆನ್ನು ತಾಗಿಸಿಕೊಂಡಿರಬೇಕು.

ನಮ್ಮ ಅತ್ತೆಯ ಕಥೆ ಹೇಳದಿದ್ದರೆ ತಪ್ಪಾಗುತ್ತದೆ. ಅವರದು ಪಕ್ಕಾ ಲಿಂಗಾಯತ ಅಡುಗೆಮನೆ. ಪಶುವೈದ್ಯರು ದಿನಾ ಒಂದು ಮೊಟ್ಟೆ ಕೊಡಿ ಎಂದಾಗ ಮೂರು ದಿನ ಮಾತು ಬಿಟ್ಟಿದ್ದರು. ಕೊನೆಗೆ ಹಿತ್ತಲಲ್ಲಿ ಒಂದು ಸಣ್ಣ ಒಲೆ, ಬೇರೆ ಪಾತ್ರೆ ಇಟ್ಟು ನಮ್ಮವರೇ ಬೇಯಿಸತೊಡಗಿದರು. ಆ ವರ್ಷ ಡಿಸೆಂಬರ್ ಚಳಿಗೆ ಚಿಗರಿ ಗಡಗಡ ನಡುಗಿದಳು. ಈ ತಳಿಯ ಮೈಯಲ್ಲಿ ಕೊಬ್ಬಿಲ್ಲ, ಚಳಿ ತಡೆಯುವುದಿಲ್ಲ. ಅತ್ತೆ ಯಾರಿಗೂ ಹೇಳದೆ ತಮ್ಮ ಹಳೆ ಇಳಕಲ್ ಸೀರೆ ಕತ್ತರಿಸಿ ಒಂದು ಸಣ್ಣ ಕೌದಿ ಹೊಲಿದರು. ಕೆಂಪು ಅಂಚು, ನಾಲ್ಕು ಮೂಲೆಗೂ ತ್ರಿಕೋನದ ತುಂಡು, ಮನೆಯ ಮಕ್ಕಳಿಗೆ ಹೊಲಿದ ಹಾಗೇ. ಈಗ ಬೆಳಿಗ್ಗೆ ಪೂಜೆ ಮುಗಿಸಿ ಬಂದವರು ಮೊದಲು ಕೇಳುವ ಮಾತು, "ಚಿಗರಿಗೆ ತತ್ತಿ ಆತೇನು?" ಅವರಿಗೆ ಮಂಡಿ ನೋವು, ಕೋಲು ಹಿಡಿದು ಅಂಗಳದಲ್ಲಿ ನಡೆಯುತ್ತಾರೆ. ಹೊಲದಲ್ಲಿ ಗಾಳಿಯ ಹಾಗೆ ಓಡುವವಳು ಅವರ ಪಕ್ಕ ಒಂದೊಂದೇ ಹೆಜ್ಜೆ ಇಡುತ್ತಾಳೆ. ಅವರು ನಿಂತರೆ ನಿಲ್ಲುತ್ತಾಳೆ. ಇದನ್ನು ನಾವ್ಯಾರೂ ಕಲಿಸಿಲ್ಲ.

ಊಟ ಸುಲಭ. ಜೋಳದ ರೊಟ್ಟಿ ಅಥವಾ ನುಚ್ಚು, ಮಜ್ಜಿಗೆ, ಮೊಟ್ಟೆ, ವಾರಕ್ಕೆ ಮೂರು ದಿನ ಬೇಯಿಸಿದ ಕೋಳಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಯಾವ ನಾಯಿಗೂ ಕೊಡಬಾರದು. ಒಗ್ಗರಣೆ ಹಾಕಿದ ಸಾರು ಕಲಸುವುದೂ ಬೇಡ. ಆಳವಾದ ಎದೆಯ ನಾಯಿ ಆದ್ದರಿಂದ ಒಂದೇ ಸಾರಿ ಹೊಟ್ಟೆ ಬಿರಿಯೆ ಹಾಕಬೇಡಿ, ಉಂಡ ಮೇಲೆ ಓಡಿಸಬೇಡಿ. ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಜೀವಕ್ಕೇ ಅಪಾಯ. ಆಪರೇಷನ್ ಏನಾದರೂ ಇದ್ದರೆ ವೈದ್ಯರಿಗೆ ಮುಧೋಳ ಎಂದು ಮೊದಲೇ ಹೇಳಿ. ಕೊಬ್ಬು ಕಡಿಮೆ ಇರುವ ಇಂಥ ನಾಯಿಗಳಿಗೆ ಕೆಲವು ಅರಿವಳಿಕೆ ಮದ್ದಿನ ಮಂಪರು ಬೇಗ ಇಳಿಯುವುದಿಲ್ಲ. ಚರ್ಮವೂ ತೆಳು. ಮುಳ್ಳುತಂತಿ ತಾಗಿ ಒಮ್ಮೆ ಏಳು ಹೊಲಿಗೆ ಬಿತ್ತು.

ಕಷ್ಟಗಳನ್ನೂ ಹೇಳಬೇಕು. ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿದರೆ ಮುಗಿಯಿತು. ಚಿಗರಿಗೆ ಒಂದೂವರೆ ವರ್ಷ ಆಗಿದ್ದಾಗ ಎದುರು ಮನೆಯ ಕೋಳಿ ನಮ್ಮ ಗೇಟಿನ ಮುಂದೆ ಹಾದು ಹೋಯಿತು. ಗೇಟು ಅರ್ಧ ತೆರೆದಿತ್ತು, ಆ ತಪ್ಪು ನನ್ನದೇ. ಕಿವಿ ಹಿಂದಕ್ಕೆ ಹೋಯಿತು, ಬಾಲ ಅಲ್ಲಾಡುವುದು ನಿಂತಿತು. ನಾನು "ಚಿಗರಿ!" ಎಂದು ಕೂಗಿದ್ದು ಅವಳ ಕಿವಿಗೆ ಬೀಳಲೇ ಇಲ್ಲ. ಎರಡು ಸೆಕೆಂಡ್ ಅಷ್ಟೇ. ಆ ಮನೆಯ ಅಜ್ಜಿ ಸಾಕಿದ್ದ ಕೋಳಿ ಅದು. ದುಡ್ಡು ಕೊಟ್ಟೆವು, ಆದರೆ ಆ ಅಜ್ಜಿಯ ಮುಖ ನನಗೆ ಇನ್ನೂ ಕಣ್ಣಮುಂದಿದೆ. ಮನೆಯಲ್ಲಿ ಬೆಕ್ಕು, ಮೊಲ, ಕೋಳಿ ಇದ್ದವರು ಈ ತಳಿಯ ಬಗ್ಗೆ ಎರಡು ಸಾರಿ ಯೋಚನೆ ಮಾಡಿ. ರಸ್ತೆಯಲ್ಲಿ ಹಗ್ಗ ಬಿಚ್ಚಲೇಬೇಡಿ.

ಇನ್ನೊಂದು, ನೆಗೆತ. ಎರಡು ವರ್ಷದ ಹಿಂದೆ ವಿಜಯಪುರದಲ್ಲಿ ಮದುವೆ ಇತ್ತು. ಎರಡು ದಿನಕ್ಕೆ ಊರಿನ ಒಂದು ನಾಯಿ ಬೋರ್ಡಿಂಗ್‌ನಲ್ಲಿ ಬಿಟ್ಟೆವು. ಇವಳು ನಾಲ್ಕು ಅಡಿ ಸುಲಭವಾಗಿ ಹಾರುತ್ತಾಳೆ, ರಾತ್ರಿ ಒಳಗೇ ಇಡಿ ಎಂದು ಬರೆದು ಕೊಟ್ಟಿದ್ದೆ. ಹೊರಗಿನ ಜಾಲರಿಯೊಳಗೆ ಬಿಟ್ಟಿದ್ದಾರೆ. ರಾತ್ರಿ 11ಕ್ಕೆ ಫೋನ್ ಬಂತು, ನಾಯಿ ಇಲ್ಲ ಅಂತ. ಬೆಳಗಿನ ತನಕ ಕಾರು ಓಡಿಸಿಕೊಂಡು ಬಂದೆವು. ಮಗಳು ದಾರಿಯುದ್ದಕ್ಕೂ ಅತ್ತಳು. ಊರು ಮುಟ್ಟುವ ಮೊದಲೇ ಪಕ್ಕದ ಮನೆಯವರು ಫೋನ್ ಮಾಡಿದರು. ಚಿಗರಿ ನಮ್ಮ ಗೇಟಿನ ಮುಂದೆ ಮಲಗಿದ್ದಳು. ಆರು ಕಿಲೋಮೀಟರ್ ಗುರುತಿಲ್ಲದ ದಾರಿ. ಅಂಗಾಲು ಸುಲಿದು ರಕ್ತ ಬಂದಿತ್ತು. ಅಂದಿನಿಂದ ಅವಳನ್ನು ಬಿಟ್ಟು ಎಲ್ಲರೂ ಒಟ್ಟಿಗೆ ಊರಿಗೆ ಹೋಗಿಲ್ಲ.

ಹೊಡೆದು ಕಲಿಸುವವರಿಗೂ ಇದು ಆಗಿಬರುವುದಿಲ್ಲ. ಗದರಿದರೇ ಒಂದು ಹೊತ್ತು ಊಟ ಬಿಡುತ್ತಾಳೆ. ಮೆತ್ತಗೆ ಹೇಳಿದರೆ, ಕೈಯಲ್ಲಿ ಒಂದು ಚೂರು ಮೊಟ್ಟೆ ಇದ್ದರೆ, ಕಲಿಯುತ್ತಾಳೆ. ಲ್ಯಾಬ್ರಡಾರ್ ಒಂದು ವಾರದಲ್ಲಿ ಕಲಿತದ್ದಕ್ಕೆ ಇವಳಿಗೆ ಒಂದು ತಿಂಗಳು ಬೇಕಾಯಿತು.

ಬೇರೆ ತಳಿಗಳನ್ನು ನಾನು ಸಾಕಿಲ್ಲ, ಹತ್ತಿರದಿಂದ ನೋಡಿದ್ದೇನೆ ಅಷ್ಟೇ. ಬೆಳಗಾವಿಯಲ್ಲಿ ನಮ್ಮ ಅಣ್ಣನ ಮನೆಯ ಜರ್ಮನ್ ಶೆಫರ್ಡ್ ಬಹಳ ಜಾಣ, ಆದರೆ ಕೆಲಸ ಕೊಡದಿದ್ದರೆ ಚಪ್ಪಲಿ, ಬಾಗಿಲು ಏನೂ ಉಳಿಯುವುದಿಲ್ಲ. ಬೆಂಗಳೂರಿನ ಗೆಳತಿಯ ಫ್ಲ್ಯಾಟಿನಲ್ಲಿ ಪಗ್ ಇದೆ. ಮುದ್ದು ಹೌದು. ಆದರೆ ಚಪ್ಪಟೆ ಮೂಗಿಗೆ ಉಸಿರಾಟವೇ ಕಷ್ಟ, ಬೇಸಿಗೆಯಲ್ಲಿ ಅದು ಏದುಸಿರು ಬಿಡುವುದನ್ನು ನೋಡಲಾಗುವುದಿಲ್ಲ. ಓಡಿಸಲು ಜಾಗ ಇಲ್ಲ, ಖರ್ಚೂ ಕಡಿಮೆ ಇರಬೇಕು ಅನ್ನುವವರಿಗೆ ನಾನು ಧೈರ್ಯವಾಗಿ ಹೇಳುವುದು ನಮ್ಮ ಬೀದಿಯ ನಾಯಿಮರಿ. ಲಸಿಕೆ ಹಾಕಿಸಿ, ಮನೆಯೊಳಗೆ ಬೆಳೆಸಿ. ನಮ್ಮ ಹವೆಗೆ, ನಮ್ಮ ಊಟಕ್ಕೆ ಅದರಷ್ಟು ಹೊಂದಿಕೊಳ್ಳುವುದು ಬೇರೆ ಇಲ್ಲ.

ನಮ್ಮ ಶಾಲೆಯ ವಿಜ್ಞಾನದ ಮೇಡಂ ಈಗ ಮುಧೋಳದ ಮರಿಯೇ ಬೇಕು ಎಂದು ಹಟ ಹಿಡಿದಿದ್ದಾರೆ. ಲೋಕಾಪುರದ ಯಜಮಾನರಿಗೆ ಫೋನ್ ಮಾಡಿದ್ದೆ. ದೀಪಾವಳಿ ಹೊತ್ತಿಗೆ ಮರಿ ಆಗುತ್ತವಂತೆ. "ಚಿಗರಿ ಹ್ಯಾಂಗದಾಳ್ರಿ?" ಎಂದು ಮೊದಲು ಕೇಳಿದರು, ಆಮೇಲೆ ವ್ಯವಹಾರ. ಮೇಡಂಗೆ ನಾನು ಒಂದೇ ಕೆಲಸ ಹೇಳಿದ್ದೇನೆ, ಕಾಂಪೌಂಡ್ ಗೋಡೆ ಅಳೆದು ಹೇಳಿ ಅಂತ. ನಾಲ್ಕೂವರೆ ಅಡಿ ಇದೆಯಂತೆ. ಇನ್ನೂ ಒಂದೂವರೆ ಅಡಿ ಏರಿಸಿ, ಆಮೇಲೆ ಇಬ್ಬರೂ ಲೋಕಾಪುರಕ್ಕೆ ಹೋಗೋಣ ಎಂದಿದ್ದೇನೆ. ನಿನ್ನೆ ಗೌಂಡಿಯವರು ಬಂದು ನೋಡಿಕೊಂಡು ಹೋದರಂತೆ.