ಎರಡನೇ ತರಗತಿಯ ನಲಿಕಲಿ ಕೊಠಡಿ: ಒಬ್ಬ ಪೋಷಕಿ ಕಂಡಂತೆ

ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ನಮ್ಮ ಬಡಾವಣೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಮಗಳು ಈಗ ಎರಡನೇ ತರಗತಿ ಮುಗಿಸುವ ಹಂತದಲ್ಲಿದ್ದಾಳೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ನಾನೂ ಸದಸ್ಯೆಯಾಗಿರುವುದರಿಂದ, ಪಾಠ ನಡೆಯುವಾಗ ಕೊಠಡಿಯೊಳಗೆ ಕುಳಿತು ನೋಡುವ ಅವಕಾಶ ಹಲವು ಬಾರಿ ಸಿಕ್ಕಿದೆ. ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸುವುದೋ, ಸಾಲ ಮಾಡಿಯಾದರೂ ಖಾಸಗಿ ಶಾಲೆಗೆ ಕಳುಹಿಸುವುದೋ ಎಂಬ ಗೊಂದಲದಲ್ಲಿರುವ ಪೋಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಟ್ಟಡ, ಕುಡಿಯುವ ನೀರು, ಬಿಸಿಯೂಟ ಎಲ್ಲವೂ ತೃಪ್ತಿಕರವಾಗಿವೆ. ಅವುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ನನ್ನ ಮನಸ್ಸನ್ನು ಗೆದ್ದಿರುವುದು ಇಲ್ಲಿನ ನಲಿಕಲಿ ಎಂಬ ಕಲಿಕೆಯ ಕ್ರಮ. ತಾನು ಎಲ್ಲಿಯವರೆಗೆ ಕಲಿತಿದ್ದೇನೆ, ಮುಂದೆ ಏನು ಕಲಿಯಬೇಕು ಎಂಬುದು ಇಲ್ಲಿ ಏಳು ವರ್ಷದ ಮಗುವಿಗೂ ಸ್ಪಷ್ಟವಾಗಿ ತಿಳಿದಿರುತ್ತದೆ.

ನಲಿಕಲಿ ಹೊಸ ಪ್ರಯೋಗವೇನಲ್ಲ. ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಕಲಿಕಾ ಕ್ರಮದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಿಸಿತು. ಬಳಿಕ ಮೂರನೇ ತರಗತಿಯೂ ಸೇರಿಕೊಂಡಿತು. ಒಂದು, ಎರಡು ಮತ್ತು ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತು ಕಲಿಯುವುದನ್ನು ಕಂಡು ಅನೇಕ ಪೋಷಕರು ಗಾಬರಿಯಾಗುತ್ತಾರೆ. ಶಿಕ್ಷಕರ ಕೊರತೆಯೊಂದೇ ಅದಕ್ಕೆ ಕಾರಣವೆಂದು ಭಾವಿಸಬಾರದು. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಮಟ್ಟದ ಮಕ್ಕಳು ಒಟ್ಟಿಗೆ ಕಲಿಯಲೆಂದೇ ಈ ಪದ್ಧತಿಯನ್ನು ರೂಪಿಸಲಾಗಿದೆ.

ಕೊಠಡಿಯಲ್ಲಿ ಬೆಂಚುಗಳಿಲ್ಲ. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆಯ ಕೆಳಭಾಗದಲ್ಲಿ ಸುತ್ತಲೂ ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಕಪ್ಪುಹಲಗೆಯಿದ್ದು, ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಜಾಗವಿದೆ. ಮೇಲೆ ದಾರ ಕಟ್ಟಿ ಮಾಡಿದ ಚಪ್ಪರದಲ್ಲಿ ಮಕ್ಕಳು ಬಿಡಿಸಿದ ಚಿತ್ರಗಳು, ಬರೆದ ಪದಗಳು ತೂಗಾಡುತ್ತವೆ. ಕಲಿಯಬೇಕಾದ ಹಂತಗಳನ್ನು ಮೆಟ್ಟಿಲುಗಳಾಗಿ ತೋರಿಸುವ ಕಲಿಕಾ ಏಣಿ ಗೋಡೆಯ ಮೇಲಿದೆ. ಅದರಲ್ಲಿ ತನ್ನ ಮೆಟ್ಟಿಲನ್ನು ಹುಡುಕಿಕೊಳ್ಳುವ ಮಗು, ಅಲ್ಲಿರುವ ಚಿತ್ರ ಮತ್ತು ಸಂಖ್ಯೆಗೆ ಹೊಂದುವ ಚಟುವಟಿಕೆ ಕಾರ್ಡನ್ನು ತಾನೇ ತೆಗೆದುಕೊಂಡು ಸಂಬಂಧಪಟ್ಟ ಗುಂಪಿಗೆ ಹೋಗಿ ಕೂರುತ್ತದೆ. ಹೊಸ ವಿಷಯ ಕಲಿಯುವವರು ಶಿಕ್ಷಕಿಯ ಪಕ್ಕದಲ್ಲಿ, ಅಭ್ಯಾಸ ಮಾಡುವವರು ಸಹಪಾಠಿಗಳ ಜೊತೆಯಲ್ಲಿ, ಚೆನ್ನಾಗಿ ಕಲಿತವರು ಸ್ವಂತವಾಗಿ ಕೆಲಸ ಮಾಡುವಂತೆ ಗುಂಪುಗಳಿರುತ್ತವೆ.

ಕನ್ನಡ ಕಲಿಸುವ ಕ್ರಮವಂತೂ ಬಹಳ ಯೋಚಿಸಿ ಮಾಡಿದ್ದಾಗಿದೆ. ಅಕ್ಷರಮಾಲೆಯನ್ನು ಅ, ಆ, ಇ, ಈ ಎಂದು ಬಾಯಿಪಾಠ ಮಾಡಿಸದೆ ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಆರಂಭಿಸುವುದರಿಂದ, ಮೊದಲ ಐದು ಅಕ್ಷರ ಗುರುತಿಸುವಷ್ಟರಲ್ಲಿಯೇ ಮಗು ಸರ, ಅರಸ, ಅಗಸ, ಗರಗಸ ಎಂದು ಅರ್ಥವುಳ್ಳ ಪದಗಳನ್ನು ಓದತೊಡಗುತ್ತದೆ. ಎರಡನೇ ತರಗತಿಯ ನಿಜವಾದ ಕಷ್ಟವೆಂದರೆ ಒತ್ತಕ್ಷರ. ಅಕ್ಕ, ಅಜ್ಜ, ಹಗ್ಗ ಎಂಬ ಸಜಾತೀಯ ಒತ್ತಕ್ಷರಗಳು ಸುಲಭವಾಗಿ ಬರುತ್ತವೆ. ಆದರೆ ತ, ನ, ಮ, ಯ, ರ, ಲ ಅಕ್ಷರಗಳ ಒತ್ತುಗಳು ಮೂಲ ಅಕ್ಷರವನ್ನು ಹೋಲುವುದಿಲ್ಲವಾದ್ದರಿಂದ ಪುಸ್ತಕ, ಚಂದ್ರ, ವಾದ್ಯ ಮುಂತಾದ ಪದಗಳು ಬಂದಾಗ ಮಕ್ಕಳು ತಡವರಿಸುತ್ತಾರೆ. ಈ ಹಂತದಲ್ಲಿ ನಮ್ಮ ಶಿಕ್ಷಕಿ ಯಾರನ್ನೂ ಅವಸರಪಡಿಸಲಿಲ್ಲ. ನನ್ನ ಮಗಳು ವಿಜಾತೀಯ ಒತ್ತಕ್ಷರಗಳ ಮೆಟ್ಟಿಲಿನಲ್ಲಿ ಬಹಳ ದಿನ ನಿಂತಿದ್ದಳು. ಈಗ ಬಸ್ಸಿನ ಫಲಕಗಳನ್ನು ತಪ್ಪಿಲ್ಲದೆ ಓದುತ್ತಾಳೆ.

ಗಣಿತದಲ್ಲಿ ನಾನು ಕಂಡ ಒಂದು ಪಾಠವನ್ನು ವಿವರವಾಗಿ ಹೇಳಬೇಕು. ನಲವತ್ತೆರಡರಲ್ಲಿ ಹದಿನೇಳು ಕಳೆಯುವ ಲೆಕ್ಕ. ಒಬ್ಬ ಹುಡುಗಿಯ ಮುಂದೆ ರಬ್ಬರ್ ಬ್ಯಾಂಡ್ ಹಾಕಿದ ಹತ್ತರ ನಾಲ್ಕು ಕಡ್ಡಿ ಕಟ್ಟುಗಳೂ ಎರಡು ಬಿಡಿ ಕಡ್ಡಿಗಳೂ ಇದ್ದವು. "ಮಿಸ್, ಬಿಡಿಯಲ್ಲಿ ಏಳು ಇಲ್ಲ" ಎಂದಳು. "ಎಲ್ಲಿದೆ ನೋಡಮ್ಮ" ಎಂದಷ್ಟೇ ಹೇಳಿ ಶಿಕ್ಷಕಿ ಇನ್ನೊಂದು ಗುಂಪಿನ ಕಡೆ ತಿರುಗಿದರು. ಹುಡುಗಿ ಕೆಲಹೊತ್ತು ಕಟ್ಟುಗಳನ್ನೇ ನೋಡುತ್ತಿದ್ದು, ಕೊನೆಗೆ ಒಂದರ ರಬ್ಬರ್ ಬ್ಯಾಂಡ್ ಬಿಚ್ಚಿ ಹನ್ನೆರಡು ಬಿಡಿ ಕಡ್ಡಿಗಳನ್ನು ಸಾಲಾಗಿ ಜೋಡಿಸಿ, ಅದರಲ್ಲಿ ಏಳನ್ನು ಬದಿಗೆ ಸರಿಸಿದಳು. ಉಳಿದ ಮೂರು ಕಟ್ಟುಗಳಲ್ಲಿ ಒಂದನ್ನು ತೆಗೆದು ಇಪ್ಪತ್ತೈದು ಎಂದು ಬರೆದಳು. ದಶಕ ಸಹಿತ ವ್ಯವಕಲನವನ್ನು "ಪಕ್ಕದ ಮನೆಯಿಂದ ಸಾಲ ತಾ" ಎಂಬ ಸೂತ್ರವಾಗಿ ಉರು ಹೊಡೆದ ನನ್ನಂಥವರಿಗೆ ಇದರ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ.

ಬೆಂಗಳೂರಿನಂಥ ಊರಿಗೆ ಈ ಪದ್ಧತಿ ಇನ್ನೂ ಒಂದು ಕಾರಣಕ್ಕೆ ಅತ್ಯಂತ ಸೂಕ್ತವಾಗಿದೆ. ನಮ್ಮ ಶಾಲೆಯ ಮಕ್ಕಳಲ್ಲಿ ಬಹುಪಾಲು ಗಾರ್ಮೆಂಟ್ಸ್ ಮತ್ತು ಕಟ್ಟಡ ಕೆಲಸಗಾರರ ಮಕ್ಕಳು. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವವರೂ ಇದ್ದಾರೆ. ಯಾದಗಿರಿ ಕಡೆಯ ಕುಟುಂಬವೊಂದರ ಹುಡುಗ ಊರಿಗೆ ಹೋದವನು ವಾರಗಟ್ಟಲೆ ಬರಲಿಲ್ಲ. ಮರಳಿ ಬಂದ ದಿನ ಅವನು ಏಣಿಯಲ್ಲಿ ತಾನು ಬಿಟ್ಟುಹೋದ ಮೆಟ್ಟಿಲಿನ ಕಾರ್ಡನ್ನೇ ತೆಗೆದುಕೊಂಡು ಕೆಲಸ ಆರಂಭಿಸಿದನು. ಇಡೀ ತರಗತಿ ಒಂದೇ ಪುಟವನ್ನು ಓದುವ ಶಾಲೆಯಲ್ಲಾಗಿದ್ದರೆ ಆ ಮಗು ವರ್ಷವಿಡೀ ಹಿಂದುಳಿಯುತ್ತಿತ್ತು.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ಪ್ರತಿ ಮಗುವಿನ ಮಟ್ಟವನ್ನು ಗಮನಿಸಿ ಪ್ರಗತಿ ನೋಟ ಎಂಬ ಪಟ್ಟಿಯಲ್ಲಿ ದಾಖಲಿಸಬೇಕಾದ ಶಿಕ್ಷಕಿಯನ್ನು ಸಮೀಕ್ಷೆ, ಸಭೆ, ಆನ್‌ಲೈನ್ ದಾಖಲೆಗಳ ಕೆಲಸಕ್ಕೆ ಎಳೆದಾಗ ಕಾರ್ಡುಗಳು ಕೇವಲ ಕಾಗದವಾಗಿಬಿಡುತ್ತವೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಹಂತದಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕೆಂದು ಹೇಳಿದರೂ, ಮೂರು ತರಗತಿಗಳನ್ನು ಒಟ್ಟಿಗೆ ನಡೆಸುವ ಇಂಥ ಕೊಠಡಿಗೆ ಮೂವತ್ತು ಕೂಡ ಹೆಚ್ಚೇ ಎಂಬುದು ನನ್ನ ಅನಿಸಿಕೆ. ಕಥೆ ಪುಸ್ತಕಗಳು ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ ಬೀಗದೊಳಗಿವೆ. ಕಾರ್ಡಿನ ಸಣ್ಣ ವಾಕ್ಯಗಳನ್ನು ಓದಬಲ್ಲ ಮಗುವಿಗೆ ದೊಡ್ಡ ಕಥೆಯ ರುಚಿ ಸಿಗುವುದು ಅಪರೂಪ. ಚಿಕ್ಕ ಮಕ್ಕಳ ಓದು, ಬರಹ, ಲೆಕ್ಕದ ಬುನಾದಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆಯ ಗುರಿಯಂತೆ ಎರಡನೇ ತರಗತಿಯ ಮಗು ನಿಮಿಷಕ್ಕೆ 45ರಿಂದ 60 ಪದಗಳನ್ನು ಓದಬೇಕು. ವಿಭಕ್ತಿ ಪ್ರತ್ಯಯಗಳು ಸೇರಿ ಪದಗಳು ಉದ್ದವಾಗುವ ಕನ್ನಡದಲ್ಲಿ ಈ ಎಣಿಕೆಯೊಂದನ್ನೇ ನೆಚ್ಚಿಕೊಂಡು ಮಗುವನ್ನು ಅಳೆಯಬಾರದು; ಓದಿದ ಸಾಲು ಅರ್ಥವಾಯಿತೇ ಎಂದು ಕೇಳುವುದು ಮುಖ್ಯ.

ಹೋಂವರ್ಕ್ ಇಲ್ಲವೆಂದು ದೂರುವವರೂ ಇದ್ದಾರೆ. ಅದನ್ನು ನಾನು ಕೊರತೆಯೆಂದು ಪರಿಗಣಿಸುವುದಿಲ್ಲ.

ಸೇರಿಸುವ ಮೊದಲು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಒಂದು ಗಂಟೆ ನಲಿಕಲಿ ಕೊಠಡಿಯಲ್ಲಿ ಕುಳಿತು ನೋಡಿ. ಚಪ್ಪರದಲ್ಲಿರುವುದು ಈ ತಿಂಗಳ ಬರವಣಿಗೆಯೇ, ಹಳೆಯ ವರ್ಷದ್ದೇ ಎಂದು ಗಮನಿಸಿ. ಯಾವುದಾದರೂ ಮಗುವನ್ನು ಕರೆದು "ನೀನು ಯಾವ ಮೆಟ್ಟಿಲಲ್ಲಿದ್ದೀಯಾ, ತೋರಿಸು" ಎಂದು ಕೇಳಿ. ಮಗು ಏಣಿಯ ಬಳಿ ಹೋಗಿ ತಾನಾಗಿ ಬೆರಳಿಟ್ಟು ತೋರಿಸಿದರೆ ಆ ಶಾಲೆಗೆ ಧೈರ್ಯವಾಗಿ ಸೇರಿಸಬಹುದು. ಮಗು ಶಿಕ್ಷಕಿಯ ಮುಖ ನೋಡಿದರೆ ಇನ್ನೊಂದು ಸರ್ಕಾರಿ ಶಾಲೆಯನ್ನೂ ನೋಡಿ ಬಂದು ತೀರ್ಮಾನಿಸಿ.