ಕೊಡಗಿನ ಊರ ಪ್ರದರ್ಶನಕ್ಕೆ ಸನ್‌ಬೋರ್ಡೇ ಸೈ

ಛಾಯಾಚಿತ್ರ ಉತ್ಸವ ಎಂದು ಸಮುದಾಯ ಭವನದಲ್ಲೋ ಶಾಲೆಯ ಹಾಲಿನಲ್ಲೋ ಊರವರ ಚಿತ್ರ ತೂಗುಹಾಕಲು ಹೊರಟವರ ಮುಂದೆ ಮೂರು ದಾರಿಗಳಿವೆ: ಗಾಜಿನ ಫ್ರೇಮ್, ಫ್ಲೆಕ್ಸ್, ಫೋಟೋ ಅಂಟಿಸುವ ಹಗುರ ಫೋಮ್ ಹಲಗೆಯಾದ ಸನ್‌ಬೋರ್ಡ್. ಬೆಂಗಳೂರಿನ ಗ್ಯಾಲರಿಯಲ್ಲಿ ಫ್ರೇಮ್ ಗೆಲ್ಲಬಹುದು. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ ಮಡಿಕೇರಿಯಲ್ಲಿ ನಮ್ಮ ಮತ 5 ಮಿ.ಮೀ. ಸನ್‌ಬೋರ್ಡಿಗೆ, ಅದೂ ಮ್ಯಾಟ್ (ಹೊಳಪಿಲ್ಲದ) ಲ್ಯಾಮಿನೇಷನ್ ಮಾಡಿದ್ದಕ್ಕೆ.

ಫ್ರೇಮಿನ ತೊಂದರೆಯೆಲ್ಲ ಗಾಜಿನದು. ಮಳೆಗಾಲದ ತೇವಕ್ಕೆ ಫೋಟೋದ ಮೇಲ್ಪದರ ಮೆತ್ತಗಾಗಿ ಗಾಜಿಗೆ ಅಂಟುತ್ತದೆ, ಹಿಂದಿನ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ನಡುವೆ ಮೌಂಟ್, ಅಂದರೆ ರಟ್ಟಿನ ಚೌಕಟ್ಟು ಕೊಟ್ಟು ಅಂತರ ಬಿಡಿಸಿದರೆ ಅಂಟುವುದು ತಪ್ಪುತ್ತದೆ. ಖರ್ಚೂ ತೂಕವೂ ಏರುತ್ತವೆ. ಸಾಲದ್ದಕ್ಕೆ, ಟ್ಯೂಬ್‌ಲೈಟಿನ ಹಾಲಿನಲ್ಲಿ ನೋಡಲು ಬಂದವರಿಗೆ ಕಾಣುವುದು ತಮ್ಮದೇ ಮುಖ. ಫ್ಲೆಕ್ಸ್ ಅಗ್ಗ, ಮಳೆಗೂ ಜಗ್ಗದು. ಆದರೆ ಹತ್ತಿರ ನಿಂತು ನೋಡುವಾಗ ಮುಖದ ವಿವರ ಉಳಿಯುವುದಿಲ್ಲ. ಗೇಟಿನ ಬ್ಯಾನರಿಗೆ ಅದು ಸಾಕು.

ಸನ್‌ಬೋರ್ಡಿನಲ್ಲೂ 3 ಮಿ.ಮೀ. ಬೇಡ. 1997ರಿಂದ ನಡೆದು ಬಂದ ಕೊಡವ ಕೌಟುಂಬಿಕ ಹಾಕಿಯಂಥ ಬೇಸಿಗೆಯ ಜಾತ್ರೆಯಲ್ಲಿ ಮಳಿಗೆ ಹಾಕುವುದಾದರೆ ಶಾಮಿಯಾನದ ಬಿಸಿಗೇ ಅದು ಬಾಗುತ್ತದೆ. ಅಂಟಿಸುವ ಮೊದಲು ಹಲಗೆಯನ್ನು ಒಣಬಟ್ಟೆಯಿಂದ ಒರೆಸಿಸಿ. ಧೂಳೋ ತೇವವೋ ಸಿಕ್ಕಿಕೊಂಡರೆ ಗುಳ್ಳೆ ಏಳುತ್ತದೆ. ಸಣ್ಣ ಗುಳ್ಳೆ ಸೂಜಿ ಚುಚ್ಚಿ ಒತ್ತಿದರೆ ಹೋಗುತ್ತದೆ, ಅಂಚು ಎದ್ದಿತೋ ಮತ್ತೆ ಮುದ್ರಿಸುವುದೇ ಗತಿ.

12×18 ಇಂಚಿನ ಮುದ್ರಣಕ್ಕೆ 2400×3600 ಪಿಕ್ಸೆಲ್, ಅಂದರೆ ಇಂಚಿಗೆ 200 ಇದ್ದರೆ ಸಾಕು. 12 ಮೆಗಾಪಿಕ್ಸೆಲ್ ಮೊಬೈಲಿನ ಚಿತ್ರ ಧಾರಾಳವಾಯಿತು. ಅದು ಕೆಡುವುದು ವಾಟ್ಸ್ಆ್ಯಪ್‌ನಲ್ಲಿ: ಮಾಮೂಲಿಯಾಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿದು ಇಂಚಿಗೆ 90 ಕೂಡ ದಕ್ಕುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಐನ್‌ಮನೆಗಳಿಂದ (ಕೊಡವ ಕುಟುಂಬಗಳ ಮೂಲಮನೆಗಳಿಂದ) ಬರುವ 4×6 ಇಂಚಿನ ಹಳೆಯ ಫೋಟೋವನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೂ ಅದೇ 2400×3600 ಸಿಗುತ್ತದೆ. ಗಾಜಿಗೆ ಅಂಟಿದ ಫೋಟೋವನ್ನು ಎಂದೂ ಕೀಳಬೇಡಿ, ಗಾಜಿನ ಸಮೇತವೇ ಸ್ಕ್ಯಾನ್ ಮಾಡಿ. ಮೂಲಪ್ರತಿ ಮನೆಗೆ ವಾಪಸಾಗಲಿ, ಗೋಡೆಗೆ ಬೇಡ.

ಕಾಫಿ ತೋಟದ ನೆರಳಿನ ಚಿತ್ರಗಳು ಮೊಬೈಲ್ ಪರದೆಯಲ್ಲಿ ಬೆಳಗಿ ಕಾಗದದಲ್ಲಿ ಕಪ್ಪಾಗುತ್ತವೆ. ಮಂಜಿನ ಬೆಟ್ಟ ಬೂದಿ ಬಣ್ಣಕ್ಕೆ ತಿರುಗುತ್ತದೆ. ಒಂದೇ ಎ4 ಹಾಳೆಯಲ್ಲಿ ಆರು ಚಿತ್ರ ಪರೀಕ್ಷೆಗೆ ಮುದ್ರಿಸಿ, ಹಾಲಿನ ದೀಪದ ಕೆಳಗೇ ನೋಡಿ.

ಡಿಸ್ಟೆಂಪರ್ ಗೋಡೆಗೆ ಡಬಲ್ ಟೇಪ್ ನಿಲ್ಲುವುದಿಲ್ಲ, ರಾತ್ರಿ ಬೀಳುವಾಗ ಬಣ್ಣವನ್ನೂ ಕಿತ್ತುಕೊಂಡೇ ಬೀಳುತ್ತದೆ. ಮೇಲಿನ ಎರಡೂ ಮೂಲೆಗೆ ತೂತು ಹೊಡೆದು ನೈಲಾನ್ ದಾರದಲ್ಲಿ ತೂಗಿ. ಒಂದೇ ತೂತಾದರೆ ಗಾಳಿಗೆ ಓರೆಯಾಗುತ್ತದೆ. ಚಿತ್ರದ ನಡುಭಾಗ ನೆಲದಿಂದ 150 ಸೆ.ಮೀ. ಎತ್ತರದಲ್ಲಿರಲಿ. ಶಾಲೆಯಲ್ಲಾದರೆ ಇನ್ನೂ ಕೆಳಗೆ.

ಎಷ್ಟೋ ಕಡೆ ಕೈಬಿಟ್ಟಿರುವುದು ಶೀರ್ಷಿಕೆಯನ್ನು. ಕೊಡಗಿನಲ್ಲಿ ಜನ ಚಿತ್ರಕ್ಕಿಂತ ಮೊದಲು ಮನೆತನದ ಹೆಸರು ಹುಡುಕುತ್ತಾರೆ. ‘ಹಳೆಯ ಕುಟುಂಬ’ ಎಂದಷ್ಟೇ ಬರೆದರೆ ಯಾರಿಗೂ ಬೇಡ. ಎಡದಿಂದ ಬಲಕ್ಕೆ ಹೆಸರುಗಳು, ಊರು, ಗೊತ್ತಿದ್ದರೆ ಇಸವಿ. ಅಕ್ಷರ 24 ಪಾಯಿಂಟಿಗಿಂತ ಸಣ್ಣದಾಗದಿರಲಿ. ಯೂನಿಕೋಡ್ ಕನ್ನಡವನ್ನು ಅಂಗಡಿಯ ಹಳೆಯ ಸಾಫ್ಟ್‌ವೇರಿನಲ್ಲಿ ತೆರೆದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ, ಪಿಡಿಎಫ್ ಮಾಡಿಯೇ ಕೊಡಿ. ಶೀರ್ಷಿಕೆಯನ್ನು ಚಿತ್ರದ ಮೇಲೆ ಮುದ್ರಿಸದೆ ಬೇರೆ ಕಾಗದದ ಪಟ್ಟಿಯಲ್ಲಿ ಅಂಟಿಸಿ. ಮೊದಲ ದಿನವೇ ಯಾರೋ ಅಜ್ಜಿ ಬಂದು ಎರಡನೆಯವರ ಹೆಸರು ತಪ್ಪು ಎನ್ನುತ್ತಾರೆ, ಪಟ್ಟಿಯೊಂದನ್ನೇ ಬದಲಿಸಿದರಾಯಿತು. ಗುರುತು ಸಿಗದವರ ಚಿತ್ರದ ಕೆಳಗೆ ಖಾಲಿ ಪಟ್ಟಿ ಬಿಟ್ಟು, ದಾರಕ್ಕೆ ಪೆನ್ಸಿಲ್ ಕಟ್ಟಿಡಿ.