ಹಳೇ ಸ್ಟೀರಿಯೋ, ಸೌಂಡ್‌ಬಾರ್, ಬ್ಲೂಟೂತ್ ಸ್ಪೀಕರ್: ಒಂದೇ ಹಾಲ್‌ನಲ್ಲಿ ಮೂರನ್ನೂ ಕೇಳಿದ ಮೇಲೆ

ಮೂರನ್ನೂ ನಮ್ಮ ಮನೆಯ ಹಾಲ್‌ನಲ್ಲೇ ಇಟ್ಟು ಕೇಳಿದ್ದೇನೆ. ಒಂದು, ಅಪ್ಪ ತೊಂಬತ್ತರ ದಶಕದಲ್ಲಿ ಕೊಂಡ ಆಂಪ್ಲಿಫೈಯರ್ ಮತ್ತು ಅದರ ಜೋಡಿ ಸ್ಪೀಕರ್ ಬಾಕ್ಸ್. ಇನ್ನೊಂದು, ಟಿವಿ ಕೆಳಗೆ ಕೂರುವ ಸೌಂಡ್‌ಬಾರ್, ಅದರ ಜೊತೆ ವೈರ್ ಇಲ್ಲದ ಸಬ್‌ವೂಫರ್, ಅಂದರೆ ಬೇಸ್ ಸದ್ದಿಗೆಂದೇ ಇರುವ ಪೆಟ್ಟಿಗೆ. ಮತ್ತೊಂದು, ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಬ್ಲೂಟೂತ್ ಸ್ಪೀಕರ್. ಕೂತು ಹಾಡು ಕೇಳುವವರಿಗೆ ನನ್ನ ಉತ್ತರ ಹಳೇ ಸೆಟ್ಟೇ. ಆದರೂ ಅದು ನಮ್ಮ ಮನೆಗಳಿಂದ ಯಾಕೆ ಹೊರಗೆ ಹೋಯಿತು ಅನ್ನುವುದೂ ಕೇಳುವಾಗಲೇ ಗೊತ್ತಾಗುತ್ತದೆ.

ಪರೀಕ್ಷೆಗೆ ಹಿಂದೂಸ್ತಾನಿ ಖಯಾಲಿನ ಒಂದು ಒಳ್ಳೆಯ ರೆಕಾರ್ಡಿಂಗ್ ಇಟ್ಟುಕೊಂಡೆ. ಗಾಯಕರು ನಡುವೆ, ಹಾರ್ಮೋನಿಯಂ ಒಂದು ಕಡೆ, ತಬಲಾ ಇನ್ನೊಂದು ಕಡೆ, ಹಿಂದೆ ಎರಡು ತಂಬೂರಿ. ಹಳೇ ಸ್ಪೀಕರ್‌ಗಳನ್ನು ಸುಮಾರು 6 ಅಡಿ ದೂರ ಇಟ್ಟು, ನಾನೂ ಅಷ್ಟೇ ದೂರದಲ್ಲಿ ಕೂತೆ. ಬಾಕ್ಸ್‌ಗಳ ಮುಖವನ್ನು ಸ್ವಲ್ಪ ಒಳಗೆ ತಿರುಗಿಸಿದೆ. ಆಗ ಗಾಯಕರ ದನಿ ಎರಡೂ ಬಾಕ್ಸ್‌ಗಳಿಂದ ಬರುತ್ತಿದೆ ಅನ್ನಿಸುವುದೇ ಇಲ್ಲ. ಏನೂ ಇಲ್ಲದ ನಡುವಿನ ಗೋಡೆಯಿಂದ ಬರುತ್ತದೆ. ತಬಲಾ ಎಲ್ಲಿದೆ ಅಂತ ಬೆರಳು ಮಾಡಿ ತೋರಿಸಬಹುದು. ಎರಡೂ ಕಿವಿಗೆ ಬೀಳುವ ಸದ್ದಿನ ಸಣ್ಣ ವ್ಯತ್ಯಾಸದಿಂದಲೇ ಮೆದುಳು ಈ ಜಾಗವನ್ನೆಲ್ಲ ಕಟ್ಟಿಕೊಳ್ಳುತ್ತದೆ. ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್ ಅಲನ್ ಬ್ಲುಮ್ಲೈನ್ 1931ರಲ್ಲೇ ಹೀಗೆ ಎಡ ಬಲ ಬೇರೆಯಾಗಿ ಕೇಳಿಸುವ ಸ್ಟೀರಿಯೋ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಸ್ಟೀರಿಯೋ ಎಲ್‌ಪಿಗಳು ಅಂಗಡಿಗೆ ಬಂದದ್ದು 1958ರಲ್ಲಿ.

ತಂಬೂರಿಯಲ್ಲಿ ಇನ್ನೂ ಒಂದು ಮಜಾ ಇದೆ. ಕಾಳಿ ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಶ್ರುತಿಯಲ್ಲಿ ಗಂಡಸರು ಹಾಡುವಾಗ ತಂಬೂರಿಯ ಖರಜದ, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರದ ತಂತಿ ಸುಮಾರು 69 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಚಿಕ್ಕ ಸ್ಪೀಕರ್‌ಗಳಿಗೆ ಅಷ್ಟು ಕೆಳಗಿನ ಸ್ವರ ಎತ್ತುವುದು ಕಷ್ಟ. ಅದರ ಮೇಲಿನ ಸ್ವರಾಂಶಗಳು ಮಾತ್ರ ಕೇಳಿಸುತ್ತವೆ, ಕೆಳಗಿನದನ್ನು ಮೆದುಳೇ ತುಂಬಿಕೊಳ್ಳುತ್ತದೆ. ಹಾಗಾಗಿ ಶ್ರುತಿ ತಪ್ಪಿದಂತೆ ಅನ್ನಿಸುವುದಿಲ್ಲ, ಆದರೆ ತಂಬೂರಿ ತೆಳ್ಳಗಾಗಿ ದೂರ ಹೋಗಿಬಿಡುತ್ತದೆ. ಹಳೇ ಬಾಕ್ಸ್‌ನೊಳಗೆ ಬೇಸ್ ನುಡಿಸುವ ದೊಡ್ಡ ವೂಫರ್‌ನಲ್ಲಿ ಅದೇ ಖರಜ ನೆಲದಿಂದ ಎದ್ದು ಬಂದಂತೆ ತುಂಬಿಕೊಳ್ಳುತ್ತದೆ. ವಾಲ್ಯೂಮ್ ಜಾಸ್ತಿ ಮಾಡುವುದೇ ಬೇಕಾಗಿಲ್ಲ.

ಬ್ಲೂಟೂತ್ ಸ್ಪೀಕರ್‌ನಲ್ಲಿ ಎಡ ಬಲ ಅಂತ ಹೆಸರಿಗೆ ಎರಡು ಡ್ರೈವರ್ (ಸದ್ದು ಹೊರಡಿಸುವ ಭಾಗ) ಇದ್ದರೂ ನಡುವೆ ಒಂದು ಗೇಣೂ ಇರುವುದಿಲ್ಲ. ಎಂಟು ಅಡಿ ದೂರ ಕೂತರೆ ಇಡೀ ಕಛೇರಿ ಒಂದೇ ಬಿಂದುವಿನಿಂದ ಬರುತ್ತದೆ. ಸದ್ದು ಕಡಿಮೆ ಇದ್ದಾಗ ಬೇಸ್ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಒಳಗಿನ ಚಿಪ್ ಬೇಸನ್ನು ಎತ್ತಿ ಕೊಡುತ್ತಿರುತ್ತದೆ. ವಾಲ್ಯೂಮ್ ಏರಿಸುತ್ತಾ ಹೋದ ಹಾಗೆ ಸ್ಪೀಕರ್ ಒಡೆಯದಿರಲಿ ಅಂತ ಅದೇ ಚಿಪ್ ಬೇಸನ್ನು ಇಳಿಸುತ್ತದೆ. ಆಗ ತಬಲಾ ಜೋಡಿಯ ದೊಡ್ಡ ಡಗ್ಗಾದ ಗುಂಯ್ಗುಡುವ ಸದ್ದು ಹೋಗಿ ಬರೀ ‘ಟಪ್’ ಉಳಿಯುತ್ತದೆ.

ಇದಕ್ಕೆಲ್ಲ ಬ್ಲೂಟೂತ್‌ನ ಕೋಡೆಕ್, ಅಂದರೆ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ ಕಾರಣ ಅಂತ ಹೇಳುವವರಿದ್ದಾರೆ. ಸಾಮಾನ್ಯ ಎಸ್‌ಬಿಸಿ ಕೋಡೆಕ್ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 328 ಕಿಲೋಬಿಟ್ ಕಳಿಸುತ್ತದೆ, ಸಿಡಿಯಲ್ಲಿ 1,411 ಇರುತ್ತದೆ ಅನ್ನುವುದು ನಿಜ. ಆದರೆ ಅದೇ ಬ್ಲೂಟೂತ್ ಸಿಗ್ನಲ್ಲನ್ನು ಹಳೇ ಆಂಪ್ಲಿಫೈಯರ್‌ಗೆ ಕೊಟ್ಟು ಕೇಳಿದಾಗ ಮುಕ್ಕಾಲು ಪಾಲು ಸುಖ ವಾಪಸ್ ಬಂತು. ದೊಡ್ಡ ನಷ್ಟ ಆಗಿರುವುದು ಪೆಟ್ಟಿಗೆಯ ಗಾತ್ರದಲ್ಲಿ ಮತ್ತು ಎರಡು ಪೆಟ್ಟಿಗೆಗಳ ನಡುವಿನ ಅಂತರದಲ್ಲಿ. ಕೋಡೆಕ್‌ನಿಂದ ಆಗುವ ನಷ್ಟ ಅದರ ಮುಂದೆ ಚಿಕ್ಕದು.

ಬ್ಲೂಟೂತ್ ಸ್ಪೀಕರ್‌ಗೆ ಸಲ್ಲಬೇಕಾದದ್ದೂ ಇದೆ. ಅಮ್ಮ ಬೆಳಿಗ್ಗೆ ಅಡುಗೆಮನೆಯಲ್ಲಿ ಹಳೇ ಸಿನಿಮಾ ಹಾಡು ಕೇಳುತ್ತಾರೆ. ಅರವತ್ತರ ದಶಕದ ಆ ಹಾಡುಗಳು ರೆಕಾರ್ಡ್ ಆಗಿರುವುದೇ ಮೋನೋದಲ್ಲಿ. ಎಡ ಬಲ ಅನ್ನುವುದೇ ಇಲ್ಲದ ಹಾಡಿಗೆ ಒಂದು ಪುಟ್ಟ ಸ್ಪೀಕರ್ ಸಾಕು, ಅಲ್ವಾ? ಒಗ್ಗರಣೆ ಹಾಕುತ್ತಾ ಫೋನಿನಲ್ಲಿ ಹಾಡು ಬದಲಾಯಿಸುವ ಅನುಕೂಲ ಹಳೇ ಸೆಟ್‌ನಲ್ಲಿ ಎಲ್ಲಿತ್ತು?

ಸೌಂಡ್‌ಬಾರ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅದು ಸಿನಿಮಾಕ್ಕೆ ಹುಟ್ಟಿದ್ದು, ಆ ಕೆಲಸ ಚೆನ್ನಾಗಿ ಮಾಡುತ್ತದೆ. ತೆಳ್ಳಗಿನ ಟಿವಿಗಳ ಸ್ಪೀಕರ್‌ನಲ್ಲಿ ಮಾತು ಕೇಳಿಸದೆ ಸಬ್‌ಟೈಟಲ್ ಓದುವ ಪಾಡು ತಪ್ಪಿತು. ಟಿವಿಯ ಸದ್ದನ್ನು ಹೊರಗೆ ಕಳಿಸುವ ಎಚ್‌ಡಿಎಂಐ ಎಆರ್‌ಸಿ ಸಾಕೆಟ್‌ಗೆ ಒಂದೇ ಕೇಬಲ್ ಹಾಕಿದರೆ ಟಿವಿ ರಿಮೋಟಿನಲ್ಲೇ ವಾಲ್ಯೂಮ್ ನಡೆಯುತ್ತದೆ. ಸಂಗೀತಕ್ಕೆ ಮಾತ್ರ ನನಗೆ ಹಿಡಿಸಲಿಲ್ಲ. ಮೂರು ಅಡಿ ಉದ್ದದ ಪಟ್ಟಿಯಿಂದ ವಾದ್ಯಗಳಿಗೆ ಜಾಗ ಸಿಗುವುದಿಲ್ಲ. ಅದರ ಡ್ರೈವರ್‌ಗಳು ಚಿಕ್ಕವಾದ್ದರಿಂದ ಗಂಡು ದನಿಯ ಕೆಳಭಾಗವೂ ಸಬ್‌ವೂಫರ್ ಪಾಲಿಗೆ ಹೋಗುತ್ತದೆ. ಗಾಯಕರು ಮಂದ್ರಕ್ಕೆ ಇಳಿದಾಗಲೆಲ್ಲ ದನಿಯ ಅರ್ಧ ಟಿವಿಯಿಂದ, ಇನ್ನರ್ಧ ಸೋಫಾ ಪಕ್ಕದ ಮೂಲೆಯಿಂದ ಬರುತ್ತದೆ. ಒಮ್ಮೆ ಗಮನಿಸಿದರೆ ಆಮೇಲೆ ಅದನ್ನು ಮರೆಯಲು ಆಗುವುದಿಲ್ಲ.

ಹಾಗಿದ್ದರೂ ಹಳೇ ಸೆಟ್ ಸೋತಿತು. ಮೊದಲ ಕಾರಣ ಜಾಗ. ಎರಡು ಬೆಡ್‌ರೂಮಿನ ಫ್ಲ್ಯಾಟಿನ ಹಾಲ್‌ನಲ್ಲಿ ಒಂದು ಗೋಡೆ ಟಿವಿಗೆ, ಎದುರು ಗೋಡೆ ಸೋಫಾಕ್ಕೆ, ಉಳಿದದ್ದು ಬಾಗಿಲು ಮತ್ತು ಬಾಲ್ಕನಿ. ಬಾಕ್ಸ್‌ಗಳನ್ನು ಆರು ಅಡಿ ಅಂತರದಲ್ಲಿ ಇಡಬೇಕು, ನಡುವೆ ಕೂರಬೇಕು ಅಂದರೆ ಹಾಲ್‌ನ ಯೋಜನೆಯನ್ನೇ ಬದಲಿಸಬೇಕು. ಇನ್ನೊಂದು, ಹಾಡೆಲ್ಲ ಫೋನಿಗೆ ಬಂದುಬಿಟ್ಟಿತು. ಕ್ಯಾಸೆಟ್, ಸಿಡಿ ಇದ್ದಾಗ ಅದನ್ನು ನುಡಿಸಲು ಒಂದು ಡೆಕ್ ಬೇಕೇ ಬೇಕಿತ್ತು. ಡೆಕ್ ಇದ್ದಲ್ಲಿ ಆಂಪ್ಲಿಫೈಯರ್, ಅದರ ಪಕ್ಕ ಸ್ಪೀಕರ್. ಆ ಸರಪಳಿಯ ಮೊದಲ ಕೊಂಡಿಯೇ ಕಳಚಿತು. ದೊಡ್ಡ ದೊಡ್ಡ ಕಂಪನಿಗಳೂ ಇದನ್ನು ತಡೆದುಕೊಳ್ಳಲಿಲ್ಲ. ಜಪಾನಿನ ಪಯೋನಿಯರ್ ತನ್ನ ಮನೆ ಆಡಿಯೋ ವ್ಯವಹಾರವನ್ನು 2015ರಲ್ಲಿ ಅಲ್ಲಿಯದೇ ಆದ ಆಂಕ್ಯೋ ಕಂಪನಿಗೆ ಒಪ್ಪಿಸಿತು. ಆಂಕ್ಯೋದ ಮನೆ ಆಡಿಯೋ ಕಂಪನಿಯೇ 2022ರಲ್ಲಿ ಜಪಾನಿನಲ್ಲಿ ದಿವಾಳಿಯಾಯಿತು. ಒಂದು ಕಾಲದಲ್ಲಿ ಮನೆಗೆ ಬಂದ ನೆಂಟರಿಗೆ ತೋರಿಸುತ್ತಿದ್ದ ಹೆಸರುಗಳಿವು. ನನಗೆ ನಿಜಕ್ಕೂ ಬೇಜಾರಾಗುತ್ತದೆ.

ರಿಪೇರಿ ವಿಷಯಕ್ಕೆ ಬಂದರೆ ಹೋಲಿಕೆ ಪೂರ್ತಿ ಒಂದೇ ಕಡೆ ವಾಲುತ್ತದೆ. ವಾರಂಟಿ ಮುಗಿದ ಮೇಲೆ ಸೌಂಡ್‌ಬಾರ್ ಆನ್ ಆಗುವುದು ನಿಂತಿತು. ಸರ್ವಿಸ್ ಸೆಂಟರಿನವರು ತೆರೆದು ನೋಡಿ, ‘ಬೋರ್ಡ್ ಬರಲ್ಲ ಸರ್, ಹೊಸದೇ ತಗೊಂಡ್ಬಿಡಿ’ ಅಂದರು. ಕೊನೆಗೆ ಒಬ್ಬ ಹಳೇ ಮೆಕ್ಯಾನಿಕ್ ಪವರ್ ಸಪ್ಲೈಯ ಒಂದು ಭಾಗ ಬದಲಿಸಿ ಜೀವ ಕೊಟ್ಟರು. ಬ್ಲೂಟೂತ್ ಸ್ಪೀಕರ್‌ನ ಬ್ಯಾಟರಿ ಸೊರಗಿದೆ, ಈಗ ಚಾರ್ಜರ್ ಹಾಕಿಯೇ ನುಡಿಸಬೇಕು. ಹಳೇ ಆಂಪ್ಲಿಫೈಯರ್‌ಗೂ ರೋಗ ಬಂದಿತ್ತು. ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು, ಜೊತೆಗೆ ಹಮ್ಮಿಂಗ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡ್‌ನಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸಿಕ್ಕಿತು, ಒಣಗಿದ ಕೆಪಾಸಿಟರ್‌ಗಳಿಗೆ ಬದಲಿಯೂ ಸಿಕ್ಕಿತು. ವೂಫರ್ ಸುತ್ತಲಿನ ಫೋಮ್ ಅಂಚು ಪುಡಿಯಾಗಿತ್ತು, ಹೊಸದನ್ನು ಅಂಟಿಸಿದ್ದಾಯಿತು. ಅದರೊಳಗೆ ಇರುವುದೆಲ್ಲ ಮನುಷ್ಯರ ಕೈಗೆ ಸಿಗುವ, ಬೆಸುಗೆ ಹಾಕಬಹುದಾದ ಭಾಗಗಳು.

ಹಾಗಾಗಿ ನಮ್ಮ ಮನೆಯಲ್ಲಿ ಬ್ಲೂಟೂತ್ ಸ್ಪೀಕರ್ ಅಡುಗೆಮನೆಗೆ ಹೋಯಿತು, ಸೌಂಡ್‌ಬಾರ್ ಅಮ್ಮನ ರೂಮಿನ ಟಿವಿಗೆ. ಹಾಲ್‌ನಲ್ಲಿ ಹಳೇ ಸೆಟ್. ಅಟ್ಟದ ಮೇಲೆ ನಿಮ್ಮದೂ ಒಂದು ಇದ್ದರೆ ದಯವಿಟ್ಟು ಗುಜರಿಗೆ ಹಾಕುವ ಮುಂಚೆ ಒಮ್ಮೆ ಇಳಿಸಿ ನೋಡಿ. ವೂಫರ್ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ರಬ್ಬರ್ ಆಗಿದ್ದರೆ ಬಹುಶಃ ಗಟ್ಟಿಯಾಗಿಯೇ ಇರುತ್ತದೆ, ಫೋಮ್ ಆಗಿದ್ದರೆ ಉದುರಬಹುದು. ಆಂಪ್ಲಿಫೈಯರ್ ಹಿಂದೆ ಆಕ್ಸ್ ಅಥವಾ ಟೇಪ್ ಅಂತ ಬರೆದ ಕೆಂಪು ಬಿಳಿ ಸಾಕೆಟ್‌ಗಳಿಗೆ ಒಂದು ಚಿಕ್ಕ ಬ್ಲೂಟೂತ್ ರಿಸೀವರ್ ಹಾಕಿದರೆ ಫೋನಿನ ಹಾಡು ಬರುತ್ತದೆ. ಫೋನೋ ಅಂತ ಬರೆದದ್ದಕ್ಕೆ ಮಾತ್ರ ಹಾಕಬೇಡಿ, ಅದು ರೆಕಾರ್ಡ್ ಪ್ಲೇಯರ್‌ಗೆ. ಟಿವಿಯ ಆಪ್ಟಿಕಲ್ ಔಟ್‌ನಿಂದ ಒಂದು ಡ್ಯಾಕ್ (ಡಿಜಿಟಲ್ ಸಿಗ್ನಲ್ಲನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್‌ಗೆ ಬದಲಿಸುವ ಪುಟ್ಟ ಪೆಟ್ಟಿಗೆ) ಮೂಲಕ ಜೋಡಿಸುವುದಾದರೆ, ಟಿವಿ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು ಪಿಸಿಎಂಗೆ (ಕುಗ್ಗಿಸದ ಸಾದಾ ಡಿಜಿಟಲ್ ರೂಪಕ್ಕೆ) ಬದಲಿಸಿ. ಡಾಲ್ಬಿಯಲ್ಲೇ ಬಿಟ್ಟರೆ ಅಗ್ಗದ ಡ್ಯಾಕ್‌ಗಳಿಂದ ಸರಿಯಾದ ಸದ್ದು ಬರುವುದಿಲ್ಲ. ಸ್ಪೀಕರ್ ವೈರ್ ಸಿಕ್ಕಿಸುವಾಗ ಎರಡೂ ಬಾಕ್ಸ್‌ಗಳಲ್ಲಿ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗಿದೆಯಾ ನೋಡಿಕೊಳ್ಳಿ. ಒಂದು ಕಡೆ ಉಲ್ಟಾ ಆದರೂ ಬೇಸ್ ಸೋರಿಹೋಗುತ್ತದೆ, ನಡುವೆ ಕೂತು ಹಾಡಬೇಕಾದವರು ಎಲ್ಲಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ.